ಉಪ್ಪು ಹಾಕಿದ ಕೈ

ನೈರೋಬಿಯ ಕನ್ನಡದವರು ಹದಿನಾಲ್ಕು ದೀಪಾವಳಿ ತಿಂದ ಕೊಡುಬಳೆಯನ್ನೆಲ್ಲ ಹೊಸೆದವಳು ಕಲೊಂಡು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಆದರೆ ಬಾಯಿಬಿಟ್ಟು ಹೇಳುವಾಗ ಎಲ್ಲರೂ ‘ಭಾನಕ್ಕನ ಕೊಡುಬಳೆ’ ಎನ್ನುತ್ತಿದ್ದರು. ಕಲೊಂಡುವೂ ಹಾಗೆಯೇ ಎನ್ನುತ್ತಿದ್ದಳು.

ಕಲೊಂಡು ಕಾಂಬಾ ಜನದ ಹೆಣ್ಣು. ಮಚಾಕೋಸ್ ಕಡೆಯ ಗುಡ್ಡದ ಮಗ್ಗುಲಿನ ಊರಿನಲ್ಲಿ ಹುಟ್ಟಿ, ಮುಟಿಸೊನನ್ನು ಮದುವೆಯಾಗಿ, ಅವನ ಹಿಂದೆ ನೈರೋಬಿಯ ಅಂಚಿನ ಎಂಬಕಸಿಗೆ ಬಂದವಳು. ಅವನು ವಿಮಾನ ನಿಲ್ದಾಣದ ಸರಕಿನ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ. ಇಬ್ಬರು ಹೆಣ್ಣುಮಕ್ಕಳಾದ ಮೇಲೆ ಒಬ್ಬರ ದುಡಿಮೆಯಲ್ಲಿ ಸಂಸಾರ ಸಾಗದೆ ಕಲೊಂಡು ಮಟಾಟು ವ್ಯಾನು ಹತ್ತಿ ಮನೆಗೆಲಸ ಹುಡುಕಿಕೊಂಡು ಪಾರ್ಕ್‌ಲ್ಯಾಂಡ್ಸಿಗೆ ಹೋದಳು. ಅಲ್ಲಿ ದೇವಸ್ಥಾನದ ಹಿಂದಿನ ಒಂದು ಫ್ಲ್ಯಾಟಿನಲ್ಲಿ ಮೈಸೂರಿನ ಚಂದ್ರಹಾಸ, ಭಾನುಮತಿ ಎಂಬ ಗಂಡಹೆಂಡಿರಿದ್ದರು. ಚಂದ್ರಹಾಸರು ಬ್ಯಾಂಕಿನವರು. ಎರಡು ವರ್ಷದ ಮಟ್ಟಿಗೆಂದು ಬಂದವರು ಅಲ್ಲಿಯೇ ನೆಲೆ ನಿಂತಿದ್ದರು.

ಅವರ ಮನೆಯಲ್ಲಿ ಕಲೊಂಡು ಕಲಿತ ಮೊದಲ ಕನ್ನಡ ಮಾತು ‘ಮುಟ್ಟಬೇಡ’. ಎರಡನೆಯದು ‘ಕೈ ತೊಳ್ಕೊ’. ಆಮೇಲೆ ಹಿಟ್ಟು, ಹದ, ಉರಿ, ಬಾಣಲೆ, ಜಾಲರಿ ಒಂದೊಂದಾಗಿ ಬಂದವು. ಅವಳ ಕನ್ನಡವೆಲ್ಲ ಅಡುಗೆಮನೆಯಲ್ಲೇ ಬೆಳೆದ ಕನ್ನಡ. ಆದರೆ ಮೈಸೂರಿನವರು ಕಿವಿಗೊಟ್ಟರೆ ಪಕ್ಕದ ಬೀದಿಯವಳು ಮಾತಾಡಿದ ಹಾಗೇ ಕೇಳಿಸುತ್ತಿತ್ತು.

ಭಾನುಮತಿ ಮೊದಮೊದಲು ಹಬ್ಬಕ್ಕೆ ನಾಲ್ಕು ಮನೆಗೆ ಕೊಡುಬಳೆ ಹಂಚುತ್ತಿದ್ದರು. ರುಚಿ ಹತ್ತಿದವರು ಕೇಳಿ ಮಾಡಿಸಿಕೊಳ್ಳತೊಡಗಿದರು. ಬರಬರುತ್ತ ಇಡೀ ಊರಿನ ಕನ್ನಡದವರಿಗೆ ದೀಪಾವಳಿ ಎಂದರೆ ಅವರ ಮನೆಯ ಕೊಡುಬಳೆ ಎಂದಾಯಿತು. ಅಕ್ಕಿ ತೊಳೆದು ನೆರಳಿನಲ್ಲಿ ಒಣಗಿಸಿ ಗಿರಣಿಗೆ ಕೊಡುವುದು, ಹುರಿಗಡಲೆ ಪುಡಿ ಮಾಡುವುದು, ಕೊಬ್ಬರಿ ತುರಿದು ಮೆಣಸಿನಕಾಯಿಯ ಜೊತೆ ನುಣ್ಣಗೆ ಅರೆಯುವುದು, ಕಾದ ಎಣ್ಣೆ ಹೊಯ್ದು ಹಿಟ್ಟನ್ನು ಗಟ್ಟಿಯಾಗಿ ನಾದುವುದು, ಬೆರಳ ದಪ್ಪಕ್ಕೆ ಹೊಸೆದು ಬಳೆಯ ಹಾಗೆ ಸುತ್ತಿ ತುದಿಗೆ ತುದಿ ಒತ್ತಿ ಕೂಡಿಸುವುದು, ಉರಿ ಸಣ್ಣಗೆ ಇಟ್ಟು ಎಣ್ಣೆಯ ನೊರೆ ಅಡಗುವ ತನಕ ಕಾಯುವುದು ಇವೆಲ್ಲ ಕಲೊಂಡುವಿನ ಕೆಲಸ. ಒಂದೇ ಒಂದು ಮಾತ್ರ ಭಾನುಮತಿಯವರದು. ಸ್ನಾನ ಮಾಡಿ, ಮಡಿಯುಟ್ಟು ಬಂದು, ಹಿಟ್ಟಿಗೆ ಉಪ್ಪು ಹಾಕುತ್ತಿದ್ದರು.

ಆ ಉಪ್ಪು ಬಿದ್ದ ಮೇಲೆ ಅದು ಭಾನುಮತಿಯವರ ಅಡುಗೆ. ಅದು ದೇವರ ಮುಂದೆ ಇಡಲೂ ಆಗುತ್ತಿತ್ತು, ಕನ್ನಡದವರ ಮನೆ ಹೊಸ್ತಿಲು ದಾಟಲೂ ಆಗುತ್ತಿತ್ತು.

ನೈವೇದ್ಯದ ಪದಾರ್ಥ, ರುಚಿ ನೋಡುವಂತಿಲ್ಲ. ಆದ್ದರಿಂದ ಉಪ್ಪಿನ ಅಂದಾಜೆಲ್ಲ ಕಣ್ಣಿನದು, ಕೈಯದು. ಕೊನೆಕೊನೆಗೆ ಭಾನುಮತಿಯವರ ಬಲಗೈ ನಡುಗತೊಡಗಿತು. ಒಂದು ಹಬ್ಬದಲ್ಲಿ ಹೆಚ್ಚು, ಮತ್ತೊಂದರಲ್ಲಿ ಸಪ್ಪೆ. ಆಗ ಅವರೇ ಕಲೊಂಡುವನ್ನು ಕರೆದು, ಉಪ್ಪನ್ನು ನೀನೇ ಅಳೆದು ಬಿಸಿನೀರಿನಲ್ಲಿ ಕದಡಿ ಹಿಟ್ಟಿಗೆ ಹೊಯ್ದುಬಿಡು, ನಾನು ಬಂದು ಮೇಲೆ ಕೈ ಮುಟ್ಟಿಸುತ್ತೇನೆ, ಅಷ್ಟು ಸಾಕು ಎಂದರು. ಅದು ಅವರಿಬ್ಬರ ನಡುವೆಯೇ ಉಳಿಯಿತು. ಆ ವರ್ಷಗಳಲ್ಲಿ ಭಾನಕ್ಕನ ಕೊಡುಬಳೆ ಹಿಂದೆಂದಿಗಿಂತ ಚೆನ್ನಾಗಿದೆ ಎಂದು ಊರೆಲ್ಲ ಹೊಗಳಿತು.

ಚಂದ್ರಹಾಸರಿಗೆ ನಿವೃತ್ತಿಯಾಗಿ ಏಪ್ರಿಲ್ ತಿಂಗಳಲ್ಲಿ ಇಬ್ಬರೂ ಮೈಸೂರಿಗೆ ಹೊರಟರು. ಹೊರಡುವ ಮುಂಚೆ ಭಾನುಮತಿ ದೊಡ್ಡ ಬಾಣಲೆ, ಜಾಲರಿ, ಹಿಟ್ಟು ನಾದುವ ಅಗಲ ಪಾತ್ರೆಗಳನ್ನು ಕಲೊಂಡುವಿಗೆ ಕೊಟ್ಟರು.

“ಇನ್ನೊಬ್ಬರ ಮನೆ ಪಾತ್ರೆ ತಿಕ್ಕೋಕೆ ಹೋಗ್ಬೇಡ ಕಣೇ. ನಿಂದೇ ಒಂದು ವ್ಯಾಪಾರ ಮಾಡು. ಇವರ ನಾಲಿಗೆಗೆಲ್ಲ ನಿನ್ನ ಕೈರುಚಿ ಅಂಟಿದೆ. ನಿನ್ನ ಬಿಟ್ಟು ಎಲ್ಲಿಗೆ ಹೋಗ್ತಾರೆ?”

ಕಲೊಂಡು ಆ ಮಾತನ್ನು ನಂಬಿದಳು. ತಾನಿದ್ದ ವಠಾರದಲ್ಲಿಯೇ ಇನ್ನೊಂದು ಕೋಣೆ ಬಾಡಿಗೆಗೆ ಹಿಡಿದು ಸುಣ್ಣ ಬಳಿಸಿದಳು. ಆ ಕೋಣೆಗೆ ಮಾಂಸವಿಲ್ಲ, ಮೊಟ್ಟೆಯಿಲ್ಲ, ಈರುಳ್ಳಿಯೂ ಇಲ್ಲ. ಚಪ್ಪಲಿ ಹೊರಗೆ. ಮುಟಿಸೊ ಒಳಗೆ ಬಂದರೆ ಕೈಕಾಲು ತೊಳೆದು ಬರಬೇಕು. ಅವನು ಬಾಗಿಲಲ್ಲಿ ನಿಂತು ಅಣಕಿಸುತ್ತಿದ್ದ: ನಮಗೆ ನಾಲ್ಕು ಜನಕ್ಕೆ ಒಂದು ಕೋಣೆ, ಇಂಡಿಯಾದವರ ದೇವರಿಗೆ ಒಬ್ಬರಿಗೇ ಒಂದು ಕೋಣೆ, ಬಾಡಿಗೆ ಮಾತ್ರ ನನ್ನ ಬೆನ್ನಿನದು. ಕಲೊಂಡು ನಕ್ಕು ಸುಮ್ಮನಾಗುತ್ತಿದ್ದಳು. ದೊಡ್ಡ ಮಗಳು ಮುಂಬುವಾ ಕಂಪ್ಯೂಟರ್ ಅಂಗಡಿಯಲ್ಲಿ ಪೊಟ್ಟಣಕ್ಕೆ ಅಂಟಿಸುವ ಚೀಟಿ ಮಾಡಿಸಿಕೊಟ್ಟಳು. ಅದರಲ್ಲಿ ‘ಕಲೊಂಡು ಕೊಡುಬಳೆ’ ಎಂದಿತ್ತು. ಹುಟ್ಟಿದಾಗಿನಿಂದ ಅವಳ ಹೆಸರು ಆಸ್ಪತ್ರೆಯ ಚೀಟಿಯನ್ನು ಬಿಟ್ಟು ಬೇರೆಲ್ಲಿಯೂ ಅಚ್ಚಾಗಿರಲಿಲ್ಲ.

ವಠಾರದವರಿಗೆ ಅದು ಹಿಡಿಸಲಿಲ್ಲ. ಮಕ್ಕಳು ಮುಂಗೈಗೆ ಹಾಕಿಕೊಂಡು ಕುಣಿದವು. ದೊಡ್ಡವರು ಒಂದು ಕಡಿದು ಹಲ್ಲು ಹಿಡಿದುಕೊಂಡು, ಇದಕ್ಕಿಂತ ಮೆತ್ತನೆಯ ಮಂದಾಜಿ ಕರಿದು ಮಾರಬಾರದೇ ತಾಯಿ ಎಂದರು. ಹಾಗಾಗಿ ಗಿರಾಕಿಗಳೆಂದರೆ ಕನ್ನಡದವರೇ. ಅವರೋ ಗೌರಿಹಬ್ಬಕ್ಕೂ ಕೇಳಲಿಲ್ಲ, ಗೋಕುಲಾಷ್ಟಮಿಗೂ ಕೇಳಲಿಲ್ಲ. ಇವಳಾಗಿ ಕೇಳಿದರೆ, ದೀಪಾವಳಿ ಬರಲಿ ಕಲೊಂಡು, ಹೇಳಿ ಕಳಿಸುತ್ತೇವೆ ಎನ್ನುತ್ತಿದ್ದರು. ಆ ಒಂದು ದೀಪಾವಳಿ ಕೈಹಿಡಿದರೆ ಸುಣ್ಣದ ಕೋಣೆ ಅವಳದು, ವ್ಯಾಪಾರ ಅವಳದು. ಹಿಡಿಯದಿದ್ದರೆ ಮತ್ತೆ ಯಾರದೋ ಅಡುಗೆಮನೆ. ಇದು ಮುಟಿಸೊನಿಗೂ ಗೊತ್ತಿತ್ತು, ಮಕ್ಕಳಿಗೂ ಗೊತ್ತಿತ್ತು.

ಹೀಗಿರುವಾಗ ಕನ್ನಡದವರ ಸಂಘದಲ್ಲಿ ಒಂದು ಹೊಸ ಮಾತು ಹುಟ್ಟಿತು. ಹುಟ್ಟಿಸಿದವರು ಭಾರ್ಗವಿ. ಅವರು ದೇಶದೇಶಗಳಿಗೆ ನೆರವು ಕೊಡುವ ದೊಡ್ಡ ಸಂಸ್ಥೆಯಲ್ಲಿ ಕೆಲಸದಲ್ಲಿದ್ದರು. ಅಮೆರಿಕದಲ್ಲಿ ಹಬ್ಬದ ಕಾಲಕ್ಕೆ ಕರಿಯರ ಅಂಗಡಿಗಳಲ್ಲೇ ಸಾಮಾನು ಕೊಳ್ಳಿ ಎಂದು ಜನ ಹುರಿದುಂಬಿಸುತ್ತಾರಂತೆ. ನಾವು ಅವರದೇ ನೆಲದಲ್ಲಿ ಕೂತು, ಹಬ್ಬದ ದುಡ್ಡನ್ನೆಲ್ಲ ನಮ್ಮವರ ಅಂಗಡಿಗೇ ಸುರಿಯುವುದು ನ್ಯಾಯವೇ ಎಂದು ಸಭೆಯಲ್ಲಿ ಕೇಳಿದರು. ಈ ದೀಪಾವಳಿಯಿಂದ ಕ್ರಿಸ್‌ಮಸ್ ತನಕ ಒಂದಿಷ್ಟಾದರೂ ಆಫ್ರಿಕನ್ನರ ವ್ಯಾಪಾರಕ್ಕೆ ಬೆಂಬಲ ಕೊಡೋಣ ಎಂದರು. ಸಂಘದ ಹಿರಿಯರು ಪುರುಷೋತ್ತಮ, ನೈರೋಬಿಯಲ್ಲಿ ತಲೆ ನರೆತವರು. ದಿನಾ ಸೊಪ್ಪು ಟೊಮೇಟೊ ಕೊಳ್ಳುವುದು ಅವರ ಹತ್ತಿರವೇ ಅಲ್ಲವೇನಮ್ಮ, ಇನ್ನೆಷ್ಟು ಬೆಂಬಲ ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ನಕ್ಕು ಒಪ್ಪಿದರು.

ಭಾರ್ಗವಿಗೆ ಮೊದಲು ನೆನಪಾದವಳು ಕಲೊಂಡು. ಎಂಬಕಸಿಗೆ ಕಾರಿನಲ್ಲಿ ಬಂದು, ಚಪ್ಪಲಿ ಬಿಟ್ಟು ಸುಣ್ಣದ ಕೋಣೆ ನೋಡಿ, ಬಾಣಲೆಯ ಪಕ್ಕ ಅವಳನ್ನು ನಿಲ್ಲಿಸಿ ಫೋಟೊ ತೆಗೆದರು. ಭಾನುಮತಿಯವರ ಮನೆಯಲ್ಲಿ ‘ಏ ಕಲೊಂಡು, ನೀರು ಕೊಡು’ ಎನ್ನುತ್ತಿದ್ದವರು ಈಗ ‘ನೀವು’ ಎಂದರು. ಕಲೊಂಡುವಿಗೆ ಅದು ಯಾರನ್ನೋ ಕರೆದ ಹಾಗೆ ಕೇಳಿಸಿತು. ಪಾರ್ಕ್‌ಲ್ಯಾಂಡ್ಸಿನ ಹಾಲ್‌ನಲ್ಲಿ ಸಂಘದ ದೀಪಾವಳಿ, ಬಾಗಿಲ ಪಕ್ಕದಲ್ಲಿಯೇ ನಿಮ್ಮ ಮೇಜು, ಅದಕ್ಕೂ ಮುಂಚೆ ಮನೆಮನೆಯಿಂದ ಆರ್ಡರ್ ಬರುತ್ತೆ, ರೆಡಿಯಾಗಿರಿ ಎಂದು ಹೇಳಿ ಹೋದರು. ಫೋಟೊ ಸಂಘದ ವಾಟ್ಸಾಪ್ ಗುಂಪಿಗೆ ಹೋಯಿತು. ಕೈಮುಗಿದ ಚಿತ್ರ, ಹೂವಿನ ಚಿತ್ರ, ಚಪ್ಪಾಳೆಯ ಚಿತ್ರ ಸಾಲುಸಾಲಾಗಿ ಬಂದವು ಎಂದು ಭಾರ್ಗವಿಯೇ ಫೋನಿನಲ್ಲಿ ತಿಳಿಸಿದರು.

ಆರ್ಡರ್ ಮಾತ್ರ ಒಂದೂ ಬರಲಿಲ್ಲ.

ಹಬ್ಬ ಹತ್ತಿರವಾಯಿತು. ಅಕ್ಕಿ ತೊಳೆದು ಒಣಗಿಸಬೇಕೋ ಬೇಡವೋ ತಿಳಿಯದೆ ಕಲೊಂಡು ಕೊನೆಗೆ ತಾನೇ ಫೋನ್ ಮಾಡಿದಳು. ಭಾರ್ಗವಿ ಆ ಕಡೆಯಿಂದ ಸ್ವಲ್ಪ ಹೊತ್ತು ಆಫೀಸು, ಮೀಟಿಂಗು, ಟ್ರಾಫಿಕ್ಕು ಎಂದು ಸುತ್ತುಬಳಸಿ ಮಾತಾಡಿದರು. ಆಮೇಲೆ ವಿಷಯಕ್ಕೆ ಬಂದರು.

“ನನಗೇನೂ ಇಲ್ಲ ಕಲೊಂಡು, ಪ್ರಾಮಿಸ್. ಆದ್ರೆ ಕೆಲವರು ಕೇಳ್ತಿದ್ದಾರೆ. ಲಕ್ಷ್ಮೀಪೂಜೆಗೆ ಇಡೋದಲ್ವಾ? ಭಾನಕ್ಕ ಇದ್ದಾಗ ಅವರು ಉಪ್ಪು ಹಾಕ್ತಿದ್ರು. ಈಗ ಉಪ್ಪು ಯಾರು ಹಾಕ್ತಾರೆ ಅಂತ.”

ಕಲೊಂಡು ಕೇಳಿಸಿಕೊಂಡಳು. ಹಿಟ್ಟು ಯಾರು ನಾದುತ್ತಾರೆ ಎಂದು ಯಾರೂ ಕೇಳಿರಲಿಲ್ಲ.

ಭಾರ್ಗವಿಯೇ ಒಂದು ದಾರಿಯನ್ನೂ ಹುಡುಕಿಟ್ಟಿದ್ದರು. ಸಂಘದ ಗಂಗಾಧರ ಅವರ ಹೆಂಡತಿ ನಮಿತಾ ಮಡಿ ಮೈಲಿಗೆ ಅಚ್ಚುಕಟ್ಟಾಗಿ ನೋಡುವವರು, ಅವರ ಮೇಲೆ ಎಲ್ಲರಿಗೂ ಭರವಸೆ. ಅವರು ಬೆಳಿಗ್ಗೆ ಬಂದು ಉಪ್ಪು ಹಾಕಿ ಹೋಗುತ್ತಾರೆ. ಮಿಕ್ಕದ್ದೆಲ್ಲ ನಿಮ್ಮದೇ. ಬೋರ್ಡು ನಿಮ್ಮದು, ಚೀಟಿಯ ಮೇಲೆ ಹೆಸರೂ ನಿಮ್ಮದೇ. ಸುಮ್ಮನೆ ಒಂದು ಶಾಸ್ತ್ರಕ್ಕೆ.

ಆಫ್ರಿಕನ್ನರ ವ್ಯಾಪಾರಕ್ಕೆ ಬೆಂಬಲ ಕೊಡಲು ಹೊರಟವರಿಗೆ ಆ ವ್ಯಾಪಾರದೊಳಗೆ ತಮ್ಮವರ ಒಂದು ಕೈ ಬೇಕಾಗಿತ್ತು. ಕಲೊಂಡುವಿಗೆ ಇದು ಹೊಳೆಯದೆ ಇರಲಿಲ್ಲ. ಮುಟಿಸೊನಿಗೆ ಹೇಳಿದಳು. ಅವನು, ಉಪ್ಪೇ ತಾನೆ, ಬೇಕಾದರೆ ಬಂದು ಉಗುಳಿ ಹೋಗಲಿ, ಮಾರಾಟವಾದರೆ ಸಾಕು, ಸವಾ, ಆಗಲಿ, ಎಂದುಬಿಡು ಎಂದ. ಅವಳೂ ಸವಾ ಎಂದಳು. ಮಾರನೆಯ ದಿನದಿಂದಲೇ ಆರ್ಡರ್ ಸುರಿಯಿತು.

ನಮಿತಾ ಬರುವುದು ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬೇಗ ಎಂದಾಗಿತ್ತು. ಎಂಬಕಸಿ ರಸ್ತೆಯಲ್ಲಿ ವಾಹನಗಳು ಕಟ್ಟಿಕೊಂಡು ನಿಂತಿದ್ದವೋ, ಪೂಜೆಯೇ ತಡವಾಯಿತೋ, ಬಿಸಿಲೇರಿದರೂ ಸುಳಿವಿಲ್ಲ. ಮಾರನೆಯ ದಿನ ಹಾಲ್‌ನಲ್ಲಿ ಹಬ್ಬ. ಕಾದು ಕೂತರೆ ಕರಿದು ಮುಗಿಯುವುದಿಲ್ಲ. ಕಲೊಂಡು ಎಂದಿನ ಹಾಗೆ ಉಪ್ಪು ಅಳೆದು, ಇಂಗಿನ ಜೊತೆ ಬಿಸಿನೀರಿನಲ್ಲಿ ಕದಡಿ, ಮೂರು ಪಾತ್ರೆಯ ಹಿಟ್ಟಿಗೂ ಹೊಯ್ದು ನಾದಿಟ್ಟಳು. ನಮಿತಾ ಬಂದು ಕೈ ಮುಟ್ಟಿಸಿದರೆ ಆಯಿತು, ಭಾನುಮತಿಯವರೂ ಮಾಡುತ್ತಿದ್ದದ್ದು ಅಷ್ಟೇ.

ನಮಿತಾ ರೇಷ್ಮೆ ಸೀರೆ ಮೊಳಕಾಲ ತನಕ ಎತ್ತಿ ಹಿಡಿದು ವಠಾರದ ಕೆಸರು ದಾಟಿ ಬಂದರು. ಬಾಗಿಲಲ್ಲೇ ಕಲೊಂಡು ಹೇಳಿದಳು.

“ನಮಿತಮ್ಮ, ಹೊತ್ತಾಯ್ತು ಅಂತ ಉಪ್ಪು ಹಾಕಿ ನಾದಿದೀನಿ. ನೀವು ಕೈ ಮುಟ್ಟಿಸಿ, ಸಾಕು. ಅಮ್ಮನೂ ಹಾಗೇ ಮಾಡ್ತಿದ್ರು.”

“ಅವರು ಮಾಡ್ತಿದ್ರೋ ಬಿಡ್ತಿದ್ರೋ, ನಂಗೊತ್ತಿಲ್ಲ. ನನ್ನ ಕೈಯಾರೆ ಉಪ್ಪು ಹಾಕ್ತೀನಿ ಅಂತ ಅಷ್ಟು ಜನಕ್ಕೆ ಹೇಳಿದೀನಿ. ಬರೀ ಮುಟ್ಟಿ ಹೋದ್ರೆ ಸುಳ್ಳಾಗಲ್ವಾ? ದೇವರ ವಿಷಯ.”

“ಹಾಗಾದ್ರೆ ಒಂದು ಚಿಟಿಕೆ ಹಾಕಿ. ಹೆಚ್ಚಾದ್ರೆ ಕೆಡತ್ತೆ.”

“ನನಗೆ ಉಪ್ಪು ಹಾಕೋದು ಹೇಳಿಕೊಡ್ತೀಯಾ ನೀನು?” ಎಂದರು ನಮಿತಾ. ಸಿಟ್ಟಿನಿಂದ ಅಲ್ಲ, ನಗುತ್ತಲೇ ಹೇಳಿದರು. ಡಬ್ಬಿಗೆ ಕೈಹಾಕಿ, ಪಾತ್ರೆಗೊಂದು ಹಿಡಿಯಂತೆ ಮೂರಕ್ಕೂ ಹಾಕಿದರು. ಅವರು ಜೀವಮಾನದಲ್ಲಿ ಕೊಡುಬಳೆಗೆ ಹಿಟ್ಟು ಕಲಸಿದವರಲ್ಲ. ಮದುವೆಯಾಗಿ ಬಂದಾಗಿನಿಂದ ಭಾನುಮತಿಯವರ ಡಬ್ಬಿಯಿಂದ ತಿಂದವರು. ಸಾರಿಗೆ ಹಾಕುವ ಅಂದಾಜಿನಲ್ಲಿ ಹಾಕಿದರು. ಕಣ್ಣುಮುಚ್ಚಿ ಏನೋ ಹೇಳಿಕೊಂಡು, ಹೋಗುವಾಗ ಇನ್ನೊಂದು ಮಾತು ಸೇರಿಸಿದರು: ನನ್ನ ಕೈ ಬಿದ್ದ ಮೇಲೆ ಇನ್ನು ಯಾರೂ ಇದಕ್ಕೆ ಏನೂ ಬೆರೆಸಬಾರದು, ಬೆರೆಸಿದರೆ ನಾನು ಬಂದಿದ್ದೇ ದಂಡ.

ಅವರ ಕಾರು ಹೋದ ಮೇಲೆ ಕಲೊಂಡು ಹಿಟ್ಟನ್ನು ಮತ್ತೆ ನಾದಿದಳು. ಉಪ್ಪಿನ ಕಾಳು ಅಂಗೈಗೆ ಚುಚ್ಚುತ್ತಿತ್ತು. ನಾಲಿಗೆಗೆ ಹಚ್ಚದೆಯೇ ತಿಳಿಯಿತು, ಇದು ತಿನ್ನುವ ಪದಾರ್ಥವಲ್ಲ ಎಂದು. ಸರಿಮಾಡುವ ದಾರಿ ಒಂದೇ ಇತ್ತು, ಮತ್ತಷ್ಟು ಹಿಟ್ಟು ಬೆರೆಸುವುದು. ತಾನು ಒಣಗಿಸಿ ಬೀಸಿದ್ದು ಮುಗಿದಿತ್ತು. ಅಂಗಡಿಯ ಪೊಟ್ಟಣದ ಹಿಟ್ಟು ಅಷ್ಟು ಗರಿಗರಿ ಬರುವುದಿಲ್ಲ, ಆದರೂ ಆಪತ್ತಿಗೆ ಆದೀತು ಎಂದು ಚಪ್ಪಲಿ ಮೆಟ್ಟಿ ಹೊರಟಳು. ಗೇಟಿನ ಹತ್ತಿರ ಫೋನ್ ಬಂತು. ಭಾರ್ಗವಿಯ ದನಿಯಲ್ಲಿ ಸಂಭ್ರಮ. ನಮಿತಾ ತಮ್ಮ ಕೈಯಾರೆ ಉಪ್ಪು ಹಾಕಿದ್ದನ್ನು ಗುಂಪಿಗೆ ತಿಳಿಸಿದ್ದಾಯಿತು, ಹಿಂದೆ ಸರಿದಿದ್ದವರೂ ಈಗ ಕೇಳುತ್ತಿದ್ದಾರೆ, ನೈವೇದ್ಯದ ತಟ್ಟೆಗೂ ನಿಮ್ಮದೇ ಕೊಡುಬಳೆ ಎಂದರು. ಆ ಕೊನೆಯ ಮಾತಿಗೆ ಕಲೊಂಡು ನಿಂತುಬಿಟ್ಟಳು.

ಹದಿನಾಲ್ಕು ವರ್ಷದಲ್ಲಿ ಅವಳು ಆ ಜನದ ದೇವರಿಗೆ ಸುಳ್ಳು ಬಡಿಸಿದವಳಲ್ಲ. ರುಚಿ ನೋಡಬೇಡ ಎಂದರೆ ನೋಡಿರಲಿಲ್ಲ, ಮುಟ್ಟಬೇಡ ಎಂದ ದಿನಗಳಲ್ಲಿ ಮುಟ್ಟಿರಲಿಲ್ಲ. ಅದು ಅವಳ ದೇವರಲ್ಲ. ಭಾನುವಾರ ಅವಳು ಹೋಗುವ ಚರ್ಚಿನಲ್ಲಿ ಇದೆಲ್ಲ ಹೇಳಿಕೊಂಡರೆ ಪಾದ್ರಿ ಬೈದಾನು. ಆದರೂ ಯಾರದೇ ದೇವರಾಗಲಿ, ಏನೂ ಬೆರೆಸಬಾರದು ಎಂದು ಹೇಳಿಸಿಕೊಂಡ ಮೇಲೆ ಬೆರೆಸಿದ್ದನ್ನು ಇಡುವುದಕ್ಕೆ ಅವಳ ಕೈ ಬರಲಿಲ್ಲ. ನಮಿತಾಗೆ ಫೋನ್ ಹಚ್ಚಿದಳು, ತೆಗೆಯಲಿಲ್ಲ. ಭಾರ್ಗವಿಗೆ ಮತ್ತೆ ಹಚ್ಚಿ, ಉಪ್ಪು ಎರಡು ಸಲ ಬಿದ್ದಿದೆ ಎಂದು ಹೇಳಿದಳು. ಅಯ್ಯೋ, ಸ್ವಲ್ಪ ಹೆಚ್ಚುಕಡಿಮೆ ಆದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಈಗ ಹಿಂದೆ ಮುಂದೆ ನೋಡಬೇಡಿ ಎಂದುಬಿಟ್ಟರು ಅವರು. ಕಲೊಂಡು ವಾಪಸು ಬಂದು ಒಲೆ ಹಚ್ಚಿದಳು. ಬಳೆಗಳು ಒಂದೂ ಬಿಚ್ಚಿಕೊಳ್ಳದೆ, ಒಂದೇ ಬಣ್ಣದಲ್ಲಿ, ಹಿಂದೆಂದೂ ಬಾರದಷ್ಟು ಚೆಂದವಾಗಿ ಬಂದವು.

ಹಾಲ್‌ನ ಬಾಗಿಲಲ್ಲಿ ಅವಳ ಮೇಜು. ಮೇಲೆ ಅವಳ ಚಿತ್ರದ ಬೋರ್ಡು. ಬಂದವರೆಲ್ಲ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಪೊಟ್ಟಣಗಳು ಮಂಗಳಾರತಿಗೆ ಮುಂಚೆಯೇ ಮುಗಿಯುತ್ತ ಬಂದವು. ಅವಳ ಹೆಸರಿನ ಚೀಟಿ ಹೆಂಗಸರ ಕೈಚೀಲಗಳಲ್ಲಿ ಇಣುಕುತ್ತಿದ್ದುದನ್ನು ನೋಡಿ ಕಲೊಂಡುವಿಗೆ ಅರೆಗಳಿಗೆ ಉಪ್ಪಿನ ಮಾತೇ ಮರೆತಿತ್ತು.

ಮಂಗಳಾರತಿ ಆಯಿತು. ಪ್ರಸಾದದ ತಟ್ಟೆ ಸಾಲಿನಲ್ಲಿ ಬಂತು. ಮೊದಲು ಮುರಿದವರು ಪುರುಷೋತ್ತಮ. ಅಗಿದರು, ನಿಂತರು, ನೀರು ಕೇಳಿದರು.

“ಹಿಂದೂ ಮಹಾಸಾಗರ ಮೊಂಬಾಸಾದಲ್ಲಿದೆ ಅಂದ್ಕೊಂಡಿದ್ದೆ ಕಣಯ್ಯ,” ಎಂದರು ಪಕ್ಕದವರಿಗೆ. “ಇಲ್ಲೇ ಇದೆ.”

ನಗೆ ಹಾಲ್‌ನ ಆ ತುದಿಯ ತನಕ ಹೋಯಿತು. ಮಕ್ಕಳು ಕಾಗದದ ಲೋಟಕ್ಕೆ ಉಗುಳಿದವು. ಪೊಟ್ಟಣ ಕೊಂಡವರು ಒಬ್ಬೊಬ್ಬರಾಗಿ ಬಂದು ಅವನ್ನು ಮೇಜಿನ ಅಂಚಿಗೆ ಇಟ್ಟು ಹೋದರು. ದುಡ್ಡು ವಾಪಸು ಬೇಡ, ಇಟ್ಟುಕೋ ಎಂದು ಮೆಲ್ಲಗೆ ಹೇಳಿದರು. ಕೆಲವರು ಪೋಲೆ ಎಂದು ಸ್ವಾಹಿಲಿಯಲ್ಲಿ ಮರುಕ ತೋರಿಸಿ ಭುಜ ತಟ್ಟಿದರು. ದುಡ್ಡು ಕೇಳಿ ಜಗಳವಾಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ಕಲೊಂಡುವಿಗೆ. ಅಂಗಡಿಯವಳ ಹತ್ತಿರವಾದರೆ ಜನ ಜಗಳವಾಡುತ್ತಾರೆ.

ನಮಿತಾ ನಾಲ್ಕು ಹೆಂಗಸರ ನಡುವೆ ನಿಂತಿದ್ದರು. ಮೇಜಿನಿಂದ ಎರಡು ಮಾರು ದೂರ. ಕಲೊಂಡುವಿಗೆ ಕನ್ನಡ ಬರುತ್ತದೆ ಎಂಬುದು ಆ ಜನಕ್ಕೆ ಬೇಕಾದಾಗ ನೆನಪಾಗುತ್ತಿತ್ತು, ಬೇಡವಾದಾಗ ಮರೆಯುತ್ತಿತ್ತು.

“ನಾನು ಹಾಕಿದ್ದು ಒಂದೊಂದೇ ಹಿಡಿ ಕಣ್ರೀ. ನಾನು ಹೊರಟ್ಮೇಲೆ ಇನ್ನೇನು ಸುರಿದಳೋ. ಇವರಿಗೆ ಅಂದಾಜೇ ಇರಲ್ಲ. ಭಾನಕ್ಕ ಬೆನ್ನ ಹಿಂದೆ ನಿಂತಿರ್ತಿದ್ರು, ನಡೀತಿತ್ತು.”

ಕಲೊಂಡು ಮೇಜಿನ ಈಚೆ ಬಂದಳು. ದನಿ ಏರಿಸಲಿಲ್ಲ.

“ನಮಿತಮ್ಮ, ನಾನು ಮೊದಲೇ ಉಪ್ಪು ಹಾಕಿದೀನಿ ಅಂತ ನಿಮಗೆ ಹೇಳಿದ್ದೆ. ಒಂದು ಚಿಟಿಕೆ ಸಾಕು ಅಂದೆ. ನೀವು ಹೋದ ಮೇಲೆ ನಾನು ಅದಕ್ಕೆ ನೀರೂ ಸೇರಿಸಿಲ್ಲ.”

ಅಲ್ಲಿ ಒಂದು ಮೌನ ಬಿತ್ತು. ನಿಜ ಯಾವುದು ಎಂದು ಯೋಚಿಸುವ ಮೌನವಲ್ಲ. ಕೆಲಸದವಳು ಬಾಯಿ ಬಿಟ್ಟಾಗ ಬೀಳುವ ಮೌನ. ನಮಿತಾ ಅವಳತ್ತ ತಿರುಗಲಿಲ್ಲ. ಪಕ್ಕದವರಿಗೆ, “ನೋಡಿದ್ರಾ, ಬೆಂಬಲ ಕೊಡೋಕೆ ಹೋದ್ರೆ ಹೀಗೆ,” ಎಂದರು. ಗಂಗಾಧರ ಅವರು ಹೆಂಡತಿಯನ್ನು ಊಟದ ಸಾಲಿನ ಕಡೆ ಕರೆದುಕೊಂಡು ಹೋದರು.

ಭಾರ್ಗವಿ ಓಡಿ ಬಂದು ಕಲೊಂಡುವಿನ ಮೊಣಕೈ ಹಿಡಿದು ಹೊರಗಿನ ಮೆಟ್ಟಿಲಿಗೆ ಕರೆತಂದರು. ಫೋನಿನಲ್ಲಿ ಉಪ್ಪು ಎರಡು ಸಲ ಬಿದ್ದಿದೆ ಎಂದು ಕೇಳಿಸಿಕೊಂಡವರು ಅವರೇ. ಅದನ್ನು ಒಳಗೆ ಬಂದು ಒಂದು ಮಾತು ಹೇಳಿ ಎಂದಳು ಕಲೊಂಡು.

“ಈಗ ಬೇಡ, ಪ್ಲೀಸ್. ನಮಿತಾ ಕೋಪ ಮಾಡ್ಕೊಂಡ್ರೆ ಇನ್ನು ಅರ್ಧ ಜನ ಸಂಘಕ್ಕೇ ಬರಲ್ಲ. ನಿನಗೋಸ್ಕರ ನಾನು ಎಷ್ಟು ಜನರ ಹತ್ರ ಮಾತಾಡಿದೀನಿ ಗೊತ್ತಾ? ಉಪ್ಪು ಯಾರು ಹಾಕಿದ್ರು ಅನ್ನೋದು ಈಗ ಮುಖ್ಯ ಅಲ್ಲ.”

ಅದೇ ಮುಖ್ಯವಾಗಿತ್ತಲ್ಲ, ಅದಕ್ಕೆ ತಾನೇ ಅವರನ್ನು ಕಳಿಸಿದ್ದು ಎಂದು ಹೇಳಬೇಕೆನ್ನಿಸಿತು. ಆದರೆ ‘ನೀವು’ ಹೋಗಿ ‘ನೀನು’ ಬಂದಿತ್ತು. ಉಳಿದದ್ದನ್ನೆಲ್ಲ ಗೋಣಿಗೆ ತುಂಬಿ ಮಟಾಟುವಿಗೆ ಹಾಕಿಕೊಂಡು ಮನೆಗೆ ಬಂದಳು. ಆ ಕೊಡುಬಳೆಯನ್ನು ವಠಾರದ ಕೋಳಿಗಳೂ ಒಂದು ಸಲ ಕುಕ್ಕಿ ಬಿಟ್ಟವು.

ಮೈಸೂರಿನಿಂದ ಭಾನುಮತಿಯವರ ಫೋನ್ ಬಂತು. ಸುದ್ದಿ ಅಲ್ಲಿಗೂ ಹೋಗಿತ್ತು. ಏನಾಯಿತು ಎಂದು ಕೇಳಿದರು. ಕಲೊಂಡು ಮೊದಲಿನಿಂದ ಕೊನೆಯ ತನಕ ಹೇಳಿದಳು. ಭಾನುಮತಿ ಒಂದು ಮಾತಿಗೂ ಅಡ್ಡ ಬರದೆ ಕೇಳಿದರು.

“ನನಗೆ ಗೊತ್ತು ಕಣೇ, ನಿನ್ನ ಕೈ ತಪ್ಪೋದಿಲ್ಲ,” ಎಂದರು. ಹಾಗಾದರೆ ಅಮ್ಮಾ, ಕೊನೆಯ ವರ್ಷಗಳಲ್ಲಿ ಉಪ್ಪು ಅಳೆಯುತ್ತಿದ್ದವಳು ನಾನೇ ಅಂತ ನೀವು ಅವರಿಗೆ ಒಂದು ಮಾತು ಹೇಳಿಬಿಡಿ, ನೀವು ಹೇಳಿದರೆ ನಂಬುತ್ತಾರೆ ಎಂದಳು.

“ಅದನ್ನ ಹೇಗೇ ಹೇಳಲಿ? ಇಷ್ಟು ವರ್ಷ ನನ್ನ ಕೈದು ಅಂತ ದೇವರಿಗೆ ಇಟ್ಟಿದಾರೆ. ಈಗ ಅಲ್ಲ ಅಂದ್ರೆ ನನ್ನ ಏನಂದ್ಕೋಬೇಕು? ಹೋಗಲಿ ಬಿಡು. ನೀನೂ ಯಾರ ಮುಂದೆಯೂ ಆಡಬೇಡ.”

ಆಡುವುದಿಲ್ಲ ಅಮ್ಮಾ ಎಂದಳು ಕಲೊಂಡು. ಚಂದ್ರಹಾಸರ ಆರೋಗ್ಯ ಕೇಳಿ ಫೋನ್ ಇಟ್ಟಳು. ನವೆಂಬರ್ ಕೊನೆಗೆ ಸುಣ್ಣದ ಕೋಣೆಯ ಬೀಗದ ಕೈ ವಠಾರದ ಯಜಮಾನನಿಗೆ ಹೋಯಿತು. ಮುಟಿಸೊ ಅಣಕಿಸಲಿಲ್ಲ. ಅವನೇ ಬಾಣಲೆಯನ್ನು ಹೊತ್ತು ತಂದು ಮಂಚದ ಕೆಳಗೆ ತಳ್ಳಿದ.

ಡಿಸೆಂಬರಿನಲ್ಲಿ ಭಾರ್ಗವಿ ಮತ್ತೆ ಬಂದರು. ಅವರ ಮನಸ್ಸಿನಲ್ಲಿ ಕೊರಗಿದ್ದದ್ದು ನಿಜ. ಕೈಯಲ್ಲಿ ಕೇಕು, ಮಕ್ಕಳಿಗೆ ಬಟ್ಟೆ ಇತ್ತು. ಮುಥೈಗಾದಲ್ಲಿ ಯಾವುದೋ ದೇಶದ ರಾಯಭಾರಿಯ ಬಂಗಲೆಯ ತೋಟದಲ್ಲಿ ಕ್ರಿಸ್‌ಮಸ್ ಸಂತೆ ನಡೆಯುವುದಿತ್ತು. ಆಫ್ರಿಕನ್ನರದೇ ವ್ಯಾಪಾರವಾಗಿದ್ದರೆ ಮಾತ್ರ ಮೇಜು. ಸಂಘದ ಲೆಕ್ಕದಲ್ಲಿ ಒಂದು ಮೇಜನ್ನು ಭಾರ್ಗವಿ ಆಗಲೇ ಹಿಡಿದಿಟ್ಟಿದ್ದರು, ಕಲೊಂಡುವಿನ ಹೆಸರಿನಲ್ಲಿ. ಮಾರುವ ಸಾಮಾನೂ ಸಿದ್ಧವಾಗಿತ್ತು. ಪುರುಷೋತ್ತಮ ಅವರ ಗೋದಾಮಿನಲ್ಲಿ ಹೊರದೇಶಕ್ಕೆ ಕಳಿಸುವ ಕತ್ತಾಳೆ ನಾರಿನ ಬುಟ್ಟಿಗಳಿದ್ದವು. ಅವನ್ನೇ ತಂದಿಟ್ಟರೆ ಆಯಿತು. ದಿನದ ಕೂಲಿ ನಿನಗೆ, ಜನವರಿಯಿಂದ ನಮ್ಮ ಮನೆಗೆ ಅಡುಗೆಗೆ ಬಾ, ಆ ತಿಂಡಿ ವ್ಯಾಪಾರಕ್ಕಿಂತ ಇದು ನಿನಗೆ ಒಗ್ಗುತ್ತೆ, ಜನಕ್ಕೂ ಇಷ್ಟವಾಗುತ್ತೆ ಎಂದರು.

ಕಲೊಂಡುವಿನ ತಾಯಿ ಬುಟ್ಟಿ ಹೆಣೆಯುತ್ತಿದ್ದವಳು. ನಾರನ್ನು ತೊಡೆಯ ಮೇಲೆ ಹೊಸೆಯುತ್ತಿದ್ದದ್ದು ಕಲೊಂಡುವಿಗೆ ಮಸುಕುಮಸುಕಾಗಿ ನೆನಪಿತ್ತು. ಅವಳು ಮಾತ್ರ ಕಲಿಯಲಿಲ್ಲ. ಊರಿಗೆ ಹೋದಾಗ ಕಲಿತರಾಯಿತು ಎಂದುಕೊಂಡಿದ್ದ ವರ್ಷಗಳೆಲ್ಲ ಪಾರ್ಕ್‌ಲ್ಯಾಂಡ್ಸಿನಲ್ಲಿ ಹಿಟ್ಟು ನಾದಿ ಕಳೆದಿದ್ದವು. ತಾಯಿಯೂ ಈಗ ಇರಲಿಲ್ಲ.

ಮುಥೈಗಾದ ತೋಟದಲ್ಲಿ ಹುಲ್ಲು ಕತ್ತರಿಸಿದ ವಾಸನೆ. ಕಲೊಂಡು ಭಾರ್ಗವಿ ಕೊಟ್ಟ ಹೂವಿನ ಕಿಟೆಂಗೆ ಬಟ್ಟೆ ಉಟ್ಟು, ತಲೆಗೂ ಅದನ್ನೇ ಸುತ್ತಿ, ಬುಟ್ಟಿಗಳ ಹಿಂದೆ ಕೂತಿದ್ದಳು. ‘ಕಲೊಂಡು ಬುಟ್ಟಿಗಳು’ ಎಂದು ಇಂಗ್ಲಿಷಿನಲ್ಲಿ ಹೊಸ ಬೋರ್ಡು ಬಂದಿತ್ತು. ಜನ ಬಂದರು, ಬುಟ್ಟಿ ಎತ್ತಿ ಮೂಸಿದರು, ಬೆಲೆ ಚೌಕಾಸಿ ಮಾಡಲಿಲ್ಲ. ಸಂಘದವರೂ ಕೆಲವರು ಬಂದಿದ್ದರು. ನಮಿತಾ ಕೂಡ ಬಂದು ಎರಡು ಬುಟ್ಟಿ ಆರಿಸಿ, ಒಂದನ್ನು ದೇವರ ಹೂವಿಗೆ ಇಡಬಹುದು ಎಂದು ಗಂಡನಿಗೆ ತೋರಿಸಿದರು. ಬುಟ್ಟಿಗೆ ಉಪ್ಪು ಬೇಕಿರಲಿಲ್ಲ.

ಬಿಳಿ ಕೂದಲಿನ ಒಬ್ಬ ವಿದೇಶಿ ಹೆಂಗಸು ಮೇಜಿನ ಮುಂದೆ ಬಗ್ಗಿ ನಿಂತು, ಒಂದು ಬುಟ್ಟಿಯ ತಳವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಇಷ್ಟು ಸಣ್ಣ ಹೆಣಿಗೆ ತಾನು ಕಂಡಿಲ್ಲ ಎಂದಳು. ಆಮೇಲೆ ತಲೆಯೆತ್ತಿ, ಇದನ್ನು ನೀನೇ ಮಾಡಿದೆಯಾ ಎಂದು ನಿಜವಾದ ಆಸಕ್ತಿಯಿಂದ ಕೇಳಿದಳು. ಪಕ್ಕದಲ್ಲಿದ್ದ ಭಾರ್ಗವಿ ಕೈಲಿದ್ದ ಫೋನ್ ನೋಡತೊಡಗಿದರು.

ಕಲೊಂಡುವನ್ನು ಈ ಪ್ರಶ್ನೆ ಇದುವರೆಗೆ ಯಾರೂ ಕೇಳಿರಲಿಲ್ಲ.

“ಹೌದು,” ಎಂದಳು. “ಎಲ್ಲಾ ನನ್ನ ಕೈಯದೇ.”

ಹೆಂಗಸು ಮೂರು ಬುಟ್ಟಿ ಕೊಂಡು, ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿ ಹೋದಳು. ಹಿಂದಿನ ಸಾಲಿನಲ್ಲಿದ್ದವರು ಅದನ್ನು ಕೇಳಿಸಿಕೊಂಡಿದ್ದರು. ಅವರೂ ಅದನ್ನೇ ಕೇಳಿದರು, ಕಲೊಂಡು ಅವರಿಗೂ ಅದನ್ನೇ ಹೇಳಿದಳು. ನಾಲ್ಕನೆಯವರ ಹೊತ್ತಿಗೆ ಅವಳಿಗೆ ಅದು ಸಲೀಸಾಗಿ ಬಂತು.